ಹತ್ತನೆಯ ಹಾಡಿನ ತಗ್ಗು ದನಿ

ಇಲ್ಲಿ ಸೇರಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೂ ಅವರ ಮಗಳಿಗೂ ನಮಸ್ಕಾರ. ನಾನು ಬ್ಯಾಂಡಿನಲ್ಲಿ ಚೆಲೋ ಎಂಬ ದೊಡ್ಡ ಪಿಟೀಲು ನುಡಿಸುವವನು. ಮಾತು ನನ್ನ ಕೆಲಸವಲ್ಲ. ತಡವರಿಸಿದರೆ — ಹೊಟ್ಟೆಗೆ ಹಾಕಿಕೊಳ್ಳಿ.

ಇಂದು ನಾವು ನೆನೆಯಲು ಸೇರಿರುವವರು, ಅತ್ತಿಗೆಯ ಯಜಮಾನರು, ನಮ್ಮ ತಂಡಕ್ಕೆ ಗುಮ್ಮಣ್ಣ. ಅತ್ತಿಗೆ, ಈ ಹೆಸರನ್ನು ಇಲ್ಲಿ ಹೇಳಬಹುದು ತಾನೆ? — ನಗುತ್ತಿದ್ದಾರೆ. ಸರಿ. ಗುಮ್ ಎನ್ನುವಷ್ಟು ತಗ್ಗು ದನಿ ಅವರದು. ಹಾಡು ಬರೆಯುತ್ತಿದ್ದವರು ಅವರೇ, ಯಾವ ವಾದ್ಯ ಎಲ್ಲಿ ಬರಬೇಕೆಂದು ಕೂರಿಸುತ್ತಿದ್ದವರೂ ಅವರೇ. ನಮ್ಮದು ಮೆತ್ತಗಿನ ರಾಕ್. ಗಿಟಾರ್ ಹಿಂದೆ ಪಿಟೀಲು, ಕೊಳಲು, ಚೆಲೋ, ಪಿಯಾನೋಗೆ ಅಜ್ಜಿಯಂತಿರುವ ಹಾರ್ಪ್ಸಿಕಾರ್ಡ್. "ರಾಕ್ ಅಂತೀರಿ, ತೊಟ್ಟಿಲು ತೂಗೋ ಹಾಗಿದೆಯಲ್ಲ" ಎಂದು ಯಾರಾದರೂ ಛೇಡಿಸಿದರೆ, "ನಿದ್ದೆ ಬಂತಾ? ಹಾಗಾದ್ರೆ ಕೆಲಸ ಮಾಡ್ತಿದೆ ಬಿಡಿ" ಎನ್ನುತ್ತಿದ್ದರು.

ಪ್ರತಿ ಸಾಲಿಗೂ ಮುಂಚೆ ಅವರು ಉಸಿರು ಎಳೆಯುವುದು — ಹೀಗೆ — ತಿದಿ ಒತ್ತಿದಂತೆ ಕೇಳುತ್ತಿತ್ತು. "ನಿಮ್ಮ ಉಸಿರಿಗೇ ಬೇರೆ ಮೈಕ್ ಇಡ್ಲಾ?" ಎಂದು ಸ್ಟುಡಿಯೋದ ರೆಕಾರ್ಡಿಸ್ಟ್ ಗೊಣಗುತ್ತಿದ್ದರು. "ಇಡಿ, ಅದೂ ಬ್ಯಾಂಡಿನವನೇ" ಎನ್ನುತ್ತಿದ್ದರು ಇವರು.

ಹೊಸ ಆಲ್ಬಮ್‌ಗೆ ಹತ್ತು ಹಾಡು. ಒಂಬತ್ತು ಮುಗಿದಿದ್ದವು. ಹತ್ತನೆಯದಕ್ಕೆ ಎಲ್ಲರ ಪಾಲನ್ನೂ ಬರೆದು ಕೊಟ್ಟಿದ್ದರು. ತಾವು ಹಾಡುವ ಮೊದಲೇ, ಹೃದಯ ನಿಂತು — ನಿಮಗೆಲ್ಲ ಗೊತ್ತು. ಆ ಹಾಡನ್ನು ಬರೀ ವಾದ್ಯಗಳಲ್ಲೇ ಮುಗಿಸೋಣ ಎಂದು ನಾವು ಒಬ್ಬೊಬ್ಬರಾಗಿ ಸ್ಟುಡಿಯೋಗೆ ಬಂದು, ನಮ್ಮ ನಮ್ಮ ಪಾಲನ್ನು ನುಡಿಸಿ ಹೋದೆವು.

ಆಮೇಲೆ ರೆಕಾರ್ಡಿಸ್ಟ್ ಫೋನ್ ಮಾಡಿದರು. "ಸ್ವಲ್ಪ ಬಂದು ಹೋಗ್ತೀರಾ? ಎಲ್ಲರೂ ಬನ್ನಿ." ಹೋದೆವು. ಎಲ್ಲ ವಾದ್ಯಗಳನ್ನು ಒಟ್ಟಿಗೆ ಹಾಕಿದರು. ಪಿಟೀಲಿನ ಕೆಳಗೆ, ನನ್ನ ಚೆಲೋದ ಕೆಳಗೂ — ಗುಮ್ಮಣ್ಣ ಹಾಡುತ್ತಿದ್ದರು. ಮಾತಿಲ್ಲ, ಬರೀ ದನಿ.

ಒಂದೊಂದೇ ವಾದ್ಯ ಹಾಕಿ ಹುಡುಕಿದೆವು. ಯಾವುದರಲ್ಲೂ ಇಲ್ಲ. ಎಲ್ಲವೂ ಸೇರಿದರೆ ಇದ್ದಾರೆ. ಯಾವುದಾದರೂ ಒಂದನ್ನು ತೆಗೆದರೆ ಇಲ್ಲ. ಸ್ವರಗಳು ಕೂಡಿದಾಗ ಹಾಗೆ ಇಲ್ಲದ ದನಿ ಕೇಳಿಸುವುದುಂಟು ಎಂದು ರೆಕಾರ್ಡಿಸ್ಟ್ ಹೇಳಿದರು. ಹೇಳುವಾಗ ಬಾಗಿಲಿನ ಕಡೆ ನೋಡುತ್ತಿದ್ದರು.

ನಮಗೆ ಆಸೆ. ಇದ್ದರೆ ಇರಲಿ, ಹಾಗೇ ಆಲ್ಬಮ್‌ನಲ್ಲಿ ಹೋಗಲಿ ಎಂದೆವು. ಆದರೆ ಅತ್ತಿಗೆಯನ್ನು ಕೇಳದೆ ಹೇಗೆ?

ಅತ್ತಿಗೆ ಬಂದರು. ಕಣ್ಣು ಮುಚ್ಚಿ ಕೇಳಿದರು. "ಅವರೇ" ಎಂದರು. ಕಣ್ಣು ತೆರೆದು, "ಆದ್ರೆ ಎಲ್ಲೂ ಉಸಿರು ತಗೊಳ್ತಿಲ್ಲ ನೋಡಿ."

ಮತ್ತೆ ಹಾಕಿದೆವು. ಹೌದು. ಒಂದು ಸಾಲಿನಿಂದ ಇನ್ನೊಂದಕ್ಕೆ, ಹಾಡಿನುದ್ದಕ್ಕೂ — ಉಸಿರೇ ಇಲ್ಲ.

"ಇದನ್ನ ಹೀಗೇ ಬಿಟ್ರೆ, ಯಾರ ಮನೇಲಿ ಹಾಕಿದ್ರೂ ಇವರು ಎದ್ದು ಬಂದು ಹಾಡಬೇಕು" ಎಂದರು ಅತ್ತಿಗೆ. "ಇದ್ದಾಗಲೇ ಸುಸ್ತಾಗಿದ್ರು." ನನ್ನ ಕಡೆ ತಿರುಗಿದರು. "ನಿನ್ನ ಚೆಲೋ ದನಿ ಇಳಿಸೋದು ಯಾವ ಗುಂಡಿ? ಅದನ್ನ ಇಳಿಸಿದ್ರೆ ಬೇಜಾರು ಮಾಡ್ಕೋತೀಯಾ?"

ಆ ಗುಂಡಿಯತ್ತ ಬೆರಳು ತೋರಿಸಿದೆ. ಅವರೇ ಇಳಿಸಿದರು — ಮೆಲ್ಲಗೆ, ಮಲಗಿದ ಮಗುವಿನ ಹಿಡಿಯಿಂದ ಸೆರಗು ಬಿಡಿಸಿಕೊಳ್ಳುವಂತೆ. ದನಿ ತೆಳ್ಳಗಾಗುತ್ತಾ ಬಂತು. ಇಷ್ಟು ವರ್ಷ ಬಾಗಿಲಲ್ಲಿ ನಿಂತು "ಹೋಗಿ ಬನ್ನಿ" ಎಂದೇ ಅವರನ್ನು ಕಳಿಸಿದವರು, ನಾವೆಲ್ಲ ಕೇಳಿದ್ದೇವೆ — ಅಂದು "ಹೋಗಿ" ಎಂದರು. ಅಷ್ಟೇ.

ಆ ಹಾಡು ಆಲ್ಬಮ್‌ನಲ್ಲಿ ಬರುತ್ತದೆ, ಚೆಲೋ ಇಲ್ಲದೆ. ಇವತ್ತು ಅದನ್ನು ಹಾಕುವುದಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಸ್ವಲ್ಪ ಹೊತ್ತು ಮೌನವಾಗಿರೋಣ. ಒಂದೇ ಕೋರಿಕೆ — ಮನಸ್ಸಿನೊಳಗೂ ಯಾರೂ ಅವರನ್ನು ಕರೆಯಬೇಡಿ.