ವಿಜ್ಞಾನಿಗಳು ಕಲಿತ ಪಾಠ

ಎಪ್ಪತ್ತರ ದಶಕದ ಕೊನೆ. ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದ ಮರುತಿಂಗಳು, ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಕೊಡಿಗೇಹಳ್ಳಿಯ ಹೆಂಗಸೊಬ್ಬರು ತಮ್ಮ ಹಳೇ ಬಾಡಿಗೆದಾರ, ಹವಾಮಾನ ಇಲಾಖೆಯ ವೀರಬಸಪ್ಪನವರನ್ನು ಮಾತಾಡಿಸುತ್ತಿದ್ದರು.

"ವೀರಬಸಪ್ನೋರೆ, ಹವಾಮಾನದ ವಿಜ್ಞಾನಿಗಳೆಲ್ಲಾ ಮೀಟಿಂಗ್ ಮಾಡಿದ್ರಂತಲ್ಲ. ಏನ್ ಕಲಿತ್ರಿ?"

"ಭಾಳ ಕಲಿತ್ವಿ, ಅಮ್ಮಾರ. ನಮ್ಮ ಗಾಳಿ ಲೆಕ್ಕ ಸರಿನ ಇತ್ತು. ರೇಡಿಯೋದಾಗೂ ಮೊದಲ ಹೇಳಿದ್ವಿ."

"ಊಂ, ಅಲ್ಲಿ ಕರಾವಳೀಲಿದ್ದ ನನ್ ತಂಗಿ ಕೇಳಿದ್ಲು. ಬಿರುಗಾಳಿ ಅಂದ್ರಿ. ಒಣಗಾಕಿದ ಬಟ್ಟೆ ಒಳಗ್ ತಂದು ಮಲಗಿದ್ರು."

"ಸಮುದ್ರ ಉಕ್ಕತೈತಿ ಅಂತನೂ ಬರದಿದ್ವಿ. 'ಅಲೆಗಳ ಅಸಾಧಾರಣ ಉಬ್ಬರ' ಅಂತ."

"ಚೆನ್ನಾಗ್ ಬರ್ದಿದ್ದೀರ. ಆ ಉಬ್ಬರ ಅವಳ ಗಂಡನ್ನ ಎಳ್ಕೊಂಡೋಯ್ತು."



"ಮತ್ತ ಹ್ಯಾಂಗ ಬರೀಬೇಕಿತ್ರೀ?"

"ನಿಮ್ಮವ್ವ ಅಲ್ಲಿದ್ದಿದ್ರೆ ಅವರಿಗೆ ನೀವೇನಂತಿದ್ರಿ?"

"ಅವ್ವಾ, ಸಮುದ್ರ ಊರೊಳಗ ಬರಾಕತ್ತೈತಿ, ಎಲ್ಲಾ ಬಿಟ್ಟು ದಿಬ್ಬ ಹತ್ತು ಅಂತಿದ್ದೆ."

"ನೋಡಿ, ಮೀಟಿಂಗ್ ಇಲ್ದೇನೇ ಬಂತು."

"ನಿಮ್ಮ ತಂಗಿ ಈಗೆಲ್ಲಿ ಅದಾರ?"

"ನಮ್ಮನೇಲೇ ಅವ್ಳೆ. ಬನ್ನಿ, ನೀವು ಕಲಿತಿದ್ದನ್ನ ಅವಳಿಗೂ ಹೇಳಿ."

ಕೊಡಿಗೇಹಳ್ಳಿ ಬಸ್ಸು ಬಂತು. ಆಕೆ ಹತ್ತಿದರು. ಆಫೀಸಿಗೆ ಹೊರಟಿದ್ದ ವೀರಬಸಪ್ಪನವರು ಎದುರು ದಿಕ್ಕಿನ ರಸ್ತೆಯನ್ನೊಮ್ಮೆ ನೋಡಿ, ಆಕೆಯ ಹಿಂದೆಯೇ ಹತ್ತಿದರು.