ಕಂಡದ್ದೂ ಅಂಬ್ರ್, ಕೇಳಿದ್ದೂ ಅಂಬ್ರ್

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಬೀಜಾಡಿಯ ಮೀನು ಮಾರುವ ಮಹಿಳೆಯರ ಸಂಘದ ಶ್ರೀಮತಿ ಧನ್ಯಶ್ರೀಯವರೇ, ಮುಖ್ಯ ಅತಿಥಿಗಳೂ ನನ್ನನ್ನು ಸೋಲಿಸಿದ ವಕೀಲರೂ ಆದ ಸೌಮ್ಯಶ್ರೀಯವರೇ, ಇಂದು ಸನ್ಮಾನ ಸ್ವೀಕರಿಸಿಯೂ ಶಾಲನ್ನು ಇನ್ನೂ ಹೊದೆಯದೆ ಮಡಿಲಲ್ಲಿಟ್ಟುಕೊಂಡಿರುವ ಬಾಗಿಯಕ್ಕನವರೇ, ಅವರ ಪತಿ ಶೀನಣ್ಣನವರೇ, ಮುಂದಿನ ಸಾಲಿನಲ್ಲಿರುವ ಚಂದ್ರ ಅವರೇ, ಹಿಂದಿನ ಸಾಲಿನಲ್ಲಿ ನಾನು ಬೇಗ ಮುಗಿಸಲಿ ಎಂದು ವಾಚು ನೋಡುತ್ತಿರುವ ನನ್ನ ಶ್ರೀಮತಿ ಉಮಾವತಿಯವರೇ, ಮತ್ತು ಒಬ್ಬ ವಕೀಲನ ಸೋಲಿಗೆ ಚಪ್ಪಾಳೆ ತಟ್ಟಲು ಇಷ್ಟೊಂದು ಸಂಖ್ಯೆಯಲ್ಲಿ ಸೇರಿರುವ ಸಭಿಕರೇ,

ನಾನು ಪ್ರೇಮಾನಂದ. ಕೋಟೇಶ್ವರದಲ್ಲಿ ಮನೆ, ಕುಂದಾಪುರದಲ್ಲಿ ವಕೀಲಿಕೆ, ವಿಮಾ ಕಂಪನಿಯ ಪರವಾಗಿ ವಾದ ಮಾಡುವುದು ಹೊಟ್ಟೆಪಾಡು. ಬಾಗಿಯಕ್ಕನನ್ನು ಸನ್ಮಾನಿಸುವ ಸಭೆಯಲ್ಲಿ ಅಭಿನಂದನಾ ಭಾಷಣ ಮಾಡಲು ಊರಿನಲ್ಲಿ ಬೇರೆ ಜನವೇ ಇರಲಿಲ್ಲವೇ? ಇದ್ದರು. ಆದರೆ ಬಾಗಿಯಕ್ಕ ಸಂಘದವರಿಗೆ ಹೇಳಿದರಂತೆ, "ನಂಗೆ ಸುಳ್ಳಿ ಅಂದವ್ರನ್ನೇ ಕರೀರಿ. ಅವ್ರ್ ಹೇಳ್ರೆ ಮಾತ್ರ ಶಾಲ್ ಹೊದ್ಕಂತೆ." ಹಾಗಾಗಿ ಬಂದಿದ್ದೇನೆ. ಕರೆದಲ್ಲಿಗೆ ಹೋಗದಿದ್ದರೆ ನಮ್ಮ ಮನೆಗೆ ಮೀನು ಬರುವುದಿಲ್ಲ. ಆ ಕಥೆ ಮುಂದೆ ಹೇಳುತ್ತೇನೆ.

ಸಭಿಕರೇ, ಈ ಇಡೀ ಮೊಕದ್ದಮೆ ನಿಂತದ್ದು ಒಂದು ಸಣ್ಣ ಮಾತಿನ ಮೇಲೆ. ಆ ಮಾತು "ಅಂಬ್ರ್". ನಮಗೆಲ್ಲ ಅದು ತಾಯಿಹಾಲಿನ ಜೊತೆ ಬಂದದ್ದು. ಆದರೆ ಘಟ್ಟದ ಮೇಲಿಂದ ವರ್ಗವಾಗಿ ಬಂದ ಬ್ಯಾಂಕಿನ ಮ್ಯಾನೇಜರರು ಇಲ್ಲಿ ಕುಳಿತಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಅಂಬ್ರ್ ಅಂದರೆ "ಎನ್ನುತ್ತಾರೆ", "ಅಂತೆ". ಬಸ್ಸು ಬತ್ತಿಲ್ಲೆ ಅಂಬ್ರ್, ಅಂದರೆ ಬಸ್ಸು ಬರುವುದಿಲ್ಲವಂತೆ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಬಾಗಿಯಕ್ಕ ಮಾತ್ರ ಹಸಿವಾದರೂ "ಹಸು ಆತ್ ಅಂಬ್ರ್" ಎನ್ನುವವರು. ಹಸಿವು ಯಾರದ್ದು? ಅವರದ್ದೇ. ಹೇಳಿದವರು ಯಾರು? ದೇವರಿಗೇ ಗೊತ್ತು.

ಈಗ ನಡೆದದ್ದನ್ನು ಹೇಳುತ್ತೇನೆ. ಚಂದ್ರ ಇಲ್ಲಿನ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಐಸಿನ ದೊಡ್ಡ ಗಡ್ಡೆಗಳನ್ನು ಹಲಗೆಯ ಮೇಲೆ ಜಾರಿಸಿ ಪುಡಿ ಮಾಡುವ ಯಂತ್ರಕ್ಕೆ ಕೊಡುವ ಕೆಲಸ. ಒಂದು ಬೆಳಿಗ್ಗೆ ಗಡ್ಡೆ ಹಲಗೆ ಬಿಟ್ಟು ಪಕ್ಕಕ್ಕೆ ಜಾರಿ ಅವರ ಬಲಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಪುಡಿ. ಆಗ ಅಲ್ಲಿದ್ದವರು ಬಾಗಿಯಕ್ಕ ಒಬ್ಬರೇ, ಮೀನಿನ ಬುಟ್ಟಿಗೆ ಐಸು ಒಯ್ಯಲು ಬಂದಿದ್ದರು. ಚಂದ್ರ ಪರಿಹಾರ ಕೇಳಿದರು. ಮಾಲೀಕರು ವಿಮಾ ಕಂಪನಿಗೆ ಬರೆದುಕೊಟ್ಟದ್ದು ಬೇರೆಯೇ: ಅವತ್ತು ಚಂದ್ರ ಕೆಲಸಕ್ಕೇ ಬಂದಿಲ್ಲ, ಮನೆಯ ತೆಂಗಿನ ಮರದಿಂದ ಬಿದ್ದಿದ್ದಾನೆ. ಕಂಪನಿ ಆ ಕಾಗದವನ್ನು ನನ್ನ ಕೈಗೆ ಕೊಟ್ಟಿತು.

ಚಂದ್ರ ನನ್ನ ಮುಖ ನೋಡಿ ಹೇಳಿದ್ದು ಒಂದೇ ಮಾತು, "ವಕೀಲ್ರೆ, ನಂಗೆ ಮರ ಹತ್ತುಕೇ ಬತ್ತಿಲ್ಲೆ. ಹತ್ತದವ ಬೀಳುದ್ ಹ್ಯಾಂಗೆ?" ಇನ್ನೊಂದು ಆಪರೇಷನ್ ಆದರೆ ನಡೆಯಬಹುದು ಎಂದು ಡಾಕ್ಟರು ಹೇಳಿದ್ದರು. ಪರಿಹಾರ ಬಂದರೆ ಆಪರೇಷನ್, ಇಲ್ಲದಿದ್ದರೆ ಜನ್ಮವಿಡೀ ಊರುಗೋಲು. ಇದೆಲ್ಲ ನನಗೆ ಗೊತ್ತಿತ್ತೇ? ಗೊತ್ತಿತ್ತು. ಆದರೆ ವಕೀಲನಾದವನು ತನ್ನ ಕಕ್ಷಿದಾರನ ಕಾಗದ ಹಿಡಿದೇ ನಿಲ್ಲಬೇಕು. ಅದಕ್ಕೆ ನಾನು ಕ್ಷಮೆ ಕೇಳಲು ಬಂದಿಲ್ಲ.

ಬಾಗಿಯಕ್ಕ ಸಾಕ್ಷಿ ಕಟ್ಟೆಗೆ ಬಂದರು. ಸೌಮ್ಯಶ್ರೀಯವರು ಕೇಳಿದರು, ಇವರು ಹೇಳಿದರು: "ನಾ ಐಸಿಗ್ ಹೋಯಿದ್ದೆ ಅಂಬ್ರ್. ಚಂದ್ರ ಹಲ್ಗಿ ಹತ್ರ ನಿಂತಿದ್ದ ಅಂಬ್ರ್. ಗಡ್ಡಿ ಜಾರಿ ಅವ್ನ್ ಕಾಲ್ ಮೇಲ್ ಬಿತ್ತ್ ಅಂಬ್ರ್." ನನಗೆ ಒಳಗೊಳಗೇ ಹಬ್ಬ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ, "ಇದನ್ನು ನೀವು ಕಣ್ಣಾರೆ ನೋಡಿದಿರೋ, ಯಾರಾದರೂ ಹೇಳಿದರೋ?" ಬಾಗಿಯಕ್ಕನಿಗೆ ಸಿಟ್ಟು ಬಂತು. ಸೊಂಟಕ್ಕೆ ಕೈಕೊಟ್ಟು ಹೇಳಿದರು, "ನಾ ಕಂಡೆ ಅಂಬ್ರ್!"

ನಗಬೇಡಿ. ನೀವು ನಗುತ್ತೀರಿ, ಆದರೆ ಹೇಳಿಕೆ ಬರೆದುಕೊಂಡ ವಿಚಾರಣಾ ಅಧಿಕಾರಿಗಳು ನಗಲಿಲ್ಲ. ಅವರು ನಮ್ಮ ಕಡೆಯವರಲ್ಲ, ಪಾಪ, ಯಾರನ್ನೋ ಕೇಳಿ ತಿಳಿದು ಶುದ್ಧ ಕನ್ನಡದಲ್ಲಿ ಬರೆದರು: "ನಾನು ನೋಡಿದೆನೆಂದು ಜನರು ಹೇಳುತ್ತಾರೆ." ಆ ಅಧಿಕಾರಿಗಳಿಗೆ ಅಷ್ಟರಲ್ಲೇ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಬಾಗಿಯಕ್ಕನ ಮುಖ ನೋಡಿದವರಲ್ಲ, ದನಿ ಕೇಳಿದವರಲ್ಲ. ಕಾಗದ ಓದಿ ತೀರ್ಪು ಬರೆದರು. ಸಾಕ್ಷಿಯು ಪರರ ಬಾಯಿಂದ ಕೇಳಿದ್ದನ್ನು ನುಡಿಯುತ್ತಾಳೆ, ನಂಬಲರ್ಹಳಲ್ಲ. ಅರ್ಜಿ ವಜಾ.

ನಾನು ಗೆದ್ದೆ. ಸಿಹಿ ಹಿಡಿದುಕೊಂಡು ಮನೆಗೆ ಹೋಗಿ "ಗೆದ್ದೆ" ಎಂದೆ. ನನ್ನ ಶ್ರೀಮತಿ ಒಲೆಯ ಕಡೆಯಿಂದ ತಿರುಗದೆಯೇ, "ಗೆದ್ರಿ ಅಂಬ್ರ್" ಎಂದಳು. ಅಷ್ಟೇ. ಸಿಹಿಯ ಪೊಟ್ಟಣ ಮರುದಿನ ಬೆಳಿಗ್ಗೆಯೂ ಮೇಜಿನ ಮೇಲೆ ಹಾಗೆಯೇ ಇತ್ತು. ಉಮಾವತಿ, ಇದನ್ನು ಸಭೆಯಲ್ಲಿ ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು.

ನಾನು ಹುಟ್ಟಿದ್ದು ಕೊಕ್ಕರ್ಣೆಯಲ್ಲಿ. ಮೈಸೂರಿಗೆ ಕಾನೂನು ಓದಲು ಹೋದಾಗ ಹಾಸ್ಟೆಲಿನಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಹುಡುಗರು ನಗುತ್ತಿದ್ದರು. "ಎಂತ" ಎಂದರೆ ನಗು, ಹೋಗೋಣ ಎನ್ನಲು "ಹೋಪ" ಎಂದರೆ ನಗು. ಒಂದು ವರ್ಷದೊಳಗೆ ಈಗ ನೀವು ಕೇಳುತ್ತಿರುವ ಈ ಇಸ್ತ್ರಿ ಹಾಕಿದ ಕನ್ನಡ ಕಲಿತೆ. ಇದು ಚೆನ್ನಾಗಿದೆ, ಕೋರ್ಟಿನಲ್ಲಿ ಇದಕ್ಕೆ ಬೆಲೆಯಿದೆ. ಆದರೆ ಇದರಲ್ಲಿ ನನಗೆ ಹೆಂಡತಿಯ ಜೊತೆ ಜಗಳ ಆಡಲು ಬರುವುದಿಲ್ಲ. ಇರಲಿ, ಇದು ವಿಷಯಾಂತರವಾಯಿತು.

ಮೀನಿನ ಕಥೆ ಹೇಳುತ್ತೇನೆಂದೆನಲ್ಲ? ತೀರ್ಪು ಬಂದ ಮೇಲೆ ಬಾಗಿಯಕ್ಕ ನಮ್ಮ ಬೀದಿಯಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದರು, ಪಕ್ಕದ ಮನೆಗೆ "ಹ್ವಾಯ್" ಎಂದು ಕೂಗುತ್ತಿದ್ದರು, ಎದುರುಮನೆಗೆ ಕೂಗುತ್ತಿದ್ದರು, ನಮ್ಮ ಗೇಟಿನ ಮುಂದೆ ಮಾತ್ರ ಮೌನವ್ರತ. ಉಳಿದ ಮೀನಿನ ಅಕ್ಕಂದಿರೂ ಹಾಗೆಯೇ. ನೀವೇ ಅಲ್ಲವೇ? ಇಲ್ಲೇ ಕುಳಿತು ನಗುತ್ತಿದ್ದೀರಿ! ನಮ್ಮ ಮನೆಯಲ್ಲಿ ಬದನೆಕಾಯಿ, ಬಸಳೆ, ಮತ್ತೆ ಬದನೆಕಾಯಿ. ಕಡಲ ದಡದಲ್ಲಿದ್ದೂ ಮೀನಿಲ್ಲದೆ ಊಟ ಮಾಡುವ ಶಿಕ್ಷೆಯನ್ನು ಯಾವ ಕಾನೂನಿನಲ್ಲಿ ಬರೆದಿದೆ?

ಇತ್ತ ಸೌಮ್ಯಶ್ರೀಯವರು ಮೇಲ್ಮನವಿ ಹಾಕಿದರು. ನಾನು ಹೆದರಲಿಲ್ಲ. ಏಕೆಂದರೆ ಸಾಕ್ಷಿಯನ್ನು ನಂಬಬೇಕೇ ಬಿಡಬೇಕೇ ಎಂಬ ವಿಷಯಕ್ಕೆ ಮೇಲಿನ ಕೋರ್ಟು ಸುಲಭವಾಗಿ ಕೈ ಹಾಕುವುದಿಲ್ಲ. ಮುಖ ನೋಡಿದವರು ಕೆಳಗಿನವರು, ಅವರೇ ಬಲ್ಲರು ಎನ್ನುತ್ತದೆ. ಅದೇ ನನ್ನ ಕೋಟೆ. ಸೌಮ್ಯಶ್ರೀಯವರು ಎದ್ದು ಬಾಗಿಯಕ್ಕನ ಹೇಳಿಕೆಯ ಮೊದಲ ಸಾಲುಗಳನ್ನು ಮಾತ್ರ ಓದಿದರು. ಹೆಸರು? "ಬಾಗಿ ಎಂದು ಹೇಳುತ್ತಾರೆ." ಗಂಡನ ಹೆಸರು? "ಶೀನ ಎಂದು ಹೇಳುತ್ತಾರೆ." ಓದಿ ಕೇಳಿದರು, "ಸ್ವಾಮಿ, ಗಂಡನೂ ಪರರ ಬಾಯಿಂದ ಕೇಳಿದ್ದೇ? ಇವೆರಡನ್ನು ನಂಬಿದ ತೀರ್ಪು 'ನೋಡಿದೆ' ಎಂಬ ಮೂರನೆಯದನ್ನು ಯಾಕೆ ನಂಬಲಿಲ್ಲ? ತೀರ್ಪು ಬರೆದವರು ಈ ಹೆಂಗಸಿನ ಮುಖವನ್ನಾದರೂ ನೋಡಿದ್ದರೇ?"

ನನ್ನ ಕೋಟೆಯ ಬಾಗಿಲು ಅಲ್ಲಿಗೆ ಮುರಿಯಿತು. ಮುಖವನ್ನೇ ನೋಡದೆ ನಂಬಲರ್ಹಳಲ್ಲ ಎಂದದ್ದು ಸರಿಯಲ್ಲ, ಸಾಕ್ಷಿಯನ್ನು ಮತ್ತೊಮ್ಮೆ ಎದುರಿಗೇ ಕೇಳಿ ತೀರ್ಮಾನಿಸಿ ಎಂದು ಮೇಲಿನ ಕೋರ್ಟು ವಾಪಸು ಕಳಿಸಿತು. ಶೀನಣ್ಣ, ಅವತ್ತಿನ ಮಟ್ಟಿಗೆ ನೀವೂ ಗೆದ್ದಿರಿ. ನೀವು ಗಂಡನೆಂಬುದು ಸಾಬೀತಾಯಿತು.

ಆಮೇಲೆ ಬೀಜಾಡಿಯಲ್ಲಿ ನಡೆದದ್ದು ನಿಮಗೆ ಗೊತ್ತು. ಬಾಗಿಯಕ್ಕನ ಬಾಯಿಂದ ಅಂಬ್ರ್ ಬಿಡಿಸಲು ಇಡೀ ಊರು ಹಟ ತೊಟ್ಟಿತು. ಅವರು ಅಂಬ್ರ್ ಎಂದಾಗಲೆಲ್ಲ ಅಕ್ಕಪಕ್ಕದವರು ಕೆಮ್ಮಬೇಕು ಎಂದು ಮಾಡಿಕೊಂಡಿದ್ದರಂತೆ. ಮೀನು ಕೊಳ್ಳಲು ಬಂದವರು ಊರಿಗೆ ಏನೋ ಜಡ್ಡು ಬಂದಿದೆ ಎಂದು ಓಡಿಹೋದರಂತೆ.

ಮರುವಿಚಾರಣೆಯ ದಿನ. ಹೊಸ ಅಧಿಕಾರಿಗಳು, ಶಾಂತ ಸ್ವಭಾವದವರು. ಬಾಗಿಯಕ್ಕ ಕಟ್ಟೆಯಲ್ಲಿ ನೆಟ್ಟಗೆ ನಿಂತು ಶಾಲೆಯ ಮಕ್ಕಳು ಪಾಠ ಒಪ್ಪಿಸಿದಂತೆ ಶುರುಮಾಡಿದರು: "ನಾನು… ಐಸು ತರಲು… ಹೋಗಿದ್ದೆನು. ಚಂದ್ರನು… ನಿಂತಿದ್ದನು." ನಾನು ಎದ್ದೆ. "ಸ್ವಾಮಿ, ಇದು ಕಲಿಸಿ ತಂದ ಸಾಕ್ಷಿ!" ಎಂದೆ. ಹಿಂದೆ ಬೆಂಚಿನಲ್ಲಿದ್ದ ಚಂದ್ರ ಊರುಗೋಲಿನ ಮೇಲೆ ಹಣೆಯಿಟ್ಟರು. ಸೌಮ್ಯಶ್ರೀಯವರ ಮುಖ ಸಪ್ಪಗಾಯಿತು. ಅಂಬ್ರ್ ಎಂದರೆ ಕೇಳಿದ್ದು, ಅನ್ನದಿದ್ದರೆ ಕಲಿಸಿದ್ದು. ಬಾಗಿಯಕ್ಕನಿಗೆ ದಾರಿಯೇ ಇರಲಿಲ್ಲ.

ಆಗ ಅಧಿಕಾರಿಗಳು ಹೇಳಿದರು, "ಅಮ್ಮಾ, ಮನೆಯಲ್ಲಿ ಹೇಳುವ ಹಾಗೆ ಹೇಳಿ. ನಾನು ಬರೆಯುವುದಿಲ್ಲ, ಮೊದಲು ನೋಡುತ್ತೇನೆ."

ಬಾಗಿಯಕ್ಕ ಒಂದು ಉಸಿರು ಬಿಟ್ಟರು. ಸೆರಗು ಸಿಕ್ಕಿಸಿಕೊಂಡರು. ಕಟ್ಟೆಯ ಅಂಚು ಹಲಗೆಯಾಯಿತು, ಕೈಯಲ್ಲಿ ಇಲ್ಲದ ಐಸಿನ ಗಡ್ಡೆ ಬಂತು. "ಚಂದ್ರ ಹೀಂಗ್ ನಿಂತಿದ್ದ ಅಂಬ್ರ್. ಗಡ್ಡಿ ಹೀಂಗ್ ಬಂತ್ ಅಂಬ್ರ್. ಹಲ್ಗಿ ಒದ್ದಿ ಇತ್ತ್ ಅಂಬ್ರ್. ಹ್ವಾಯ್ ಚಂದ್ರ, ಕಾಲ್ ತೆಗಿ ಮಾರಾಯ, ಕಾಲ್ ತೆಗಿ!" ಎಂದು ಕೂಗಿ ಕೈಯಲ್ಲಿದ್ದುದನ್ನು ಬಿಟ್ಟರು. ಬಿಟ್ಟು, ತಮ್ಮ ಬಲಗಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

ಅಧಿಕಾರಿಗಳು ಬಾಗಿಯಕ್ಕನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. "ವಕೀಲರೇ, ನೀವು ಯಾಕೆ ಕಾಲು ತೆಗೆದಿರಿ?" ಎಂದರು.

ಕೆಳಗೆ ನೋಡಿಕೊಂಡೆ. ಸಭಿಕರೇ, ನನ್ನ ಬಲಗಾಲು ನನಗೆ ಹೇಳದೆ ಕೇಳದೆ ಕುರ್ಚಿಯ ಹಿಂದೆ ಹೋಗಿ ನಿಂತಿತ್ತು.

ಸೋಲುವವನು ಇನ್ನೂ ಒಂದು ಪ್ರಶ್ನೆ ಕೇಳುತ್ತಾನೆ. ನಾನೂ ಕೇಳಿದೆ, "ಚಂದ್ರ ತೆಂಗಿನ ಮರದಿಂದ ಬಿದ್ದದ್ದು ಹೌದೋ ಅಲ್ಲವೋ?" ಬಾಗಿಯಕ್ಕ ಎರಡೂ ಕೈ ಕಟ್ಟಿ ನಿಂತು, "ಬಿದ್ದ ಅಂಬ್ರ್" ಎಂದರು. ಕೈಯೂ ಆಡಲಿಲ್ಲ, ಕಾಲೂ ಆಡಲಿಲ್ಲ. ಎರಡು ಅಂಬ್ರ್‌ಗಳ ನಡುವೆ ಇರುವ ವ್ಯತ್ಯಾಸ ಕುರುಡನಿಗೂ ಕಾಣುತ್ತಿತ್ತು. ಅಧಿಕಾರಿಗಳು ಪೆನ್ನು ಎತ್ತಿಕೊಂಡು, ಸಾಕ್ಷಿ ನಂಬಲರ್ಹಳು ಎಂದು ಬರೆದರು.

ಕಂಪನಿಯವರು ಫೋನು ಮಾಡಿ, ಮೇಲ್ಮನವಿಗೆ ಹೋಗೋಣವೇ ಎಂದರು. ಬೇಡ ಎಂದೆ. ಈ ಸಲ ನಂಬಿದವರು ಮುಖ ನೋಡಿ ನಂಬಿದ್ದಾರೆ, ಮೇಲಿನ ಕೋರ್ಟು ಕೈ ಹಾಕುವುದಿಲ್ಲ, ನನ್ನ ಕೋಟೆಯಲ್ಲಿ ಈಗ ಬಾಗಿಯಕ್ಕ ಕುಳಿತಿದ್ದಾರೆ ಎಂದೆ. ಪರಿಹಾರ ಬಂತು, ಆಪರೇಷನ್ ಆಯಿತು. ಇಂದು ನಾನು ಕುಳಿತಿದ್ದ ಈ ಕುರ್ಚಿಯನ್ನು ವೇದಿಕೆಗೆ ಎತ್ತಿ ತಂದವರು ಚಂದ್ರ. ಊರುಗೋಲಿಲ್ಲದೆ ಮೆಟ್ಟಿಲು ಹತ್ತಿದರು. ಅದನ್ನು ನೋಡಿ ನನಗೆ ತುಂಬ ಸಂತೋಷವಾಯಿತು, ಕಂಪನಿಯವರು ಏನಾದರೂ ಅಂದುಕೊಳ್ಳಲಿ.

ತೀರ್ಪಿನ ಮರುದಿನ ನಮ್ಮ ಗೇಟಿನ ಮುಂದೆ ಕೂಗು ಕೇಳಿತು, "ಹ್ವಾಯ್, ವಕೀಲ್ರೆ! ಬಂಗ್ಡಿ ಇತ್ತ್!" ಹೆಂಡತಿಗಿಂತ ಮೊದಲು ನಾನು ಓಡಿದೆ. "ತಾಜಾವೇ?" ಎಂದೆ. "ತಾಜಾ ಅಂಬ್ರ್" ಎಂದು ಬಾಗಿಯಕ್ಕ ಬೆರಳಿನಿಂದ ಕಿವಿರು ಎತ್ತಿ ತೋರಿಸಿದರು. ಕೆಂಪಗಿತ್ತು. ಆ ದಿನದ ಊಟ ಹೇಗಿತ್ತೆಂದು ಉಮಾವತಿಯನ್ನೇ ಕೇಳಿ.

ಕರೆದು ಗೌರವಿಸಿದ ಸಂಘಕ್ಕೆ, ಕಾಫಿಗೆ, ಕೆಮ್ಮಿದ ಎಲ್ಲರಿಗೆ, ನನ್ನನ್ನು ಚೆನ್ನಾಗಿ ಸೋಲಿಸಿದ ಸೌಮ್ಯಶ್ರೀಯವರಿಗೆ ನನ್ನ ವಂದನೆಗಳು. ಬಾಗಿಯಕ್ಕ, ನಾನು ಹೇಳಿದರೆ ಮಾತ್ರ ಶಾಲು ಹೊದೆಯುತ್ತೇನೆ ಎಂದಿದ್ದಿರಿ. ಇಸ್ತ್ರಿ ಹಾಕಿದ ಕನ್ನಡವನ್ನು ಬದಿಗಿಟ್ಟು ಹೇಳುತ್ತೇನೆ, ಕೊಕ್ಕರ್ಣೆಯವನಾಗಿ ಹೇಳುತ್ತೇನೆ, ಅಂಬ್ರ್ ಇಲ್ಲದೆ ಹೇಳುತ್ತೇನೆ.

ಹ್ವಾಯ್ ಬಾಗಿಯಕ್ಕ, ಐಸ್ ಬಿದ್ದದ್ದ್ ಹೌದ್. ನಾ ಕಂಡೆ.

ಶಾಲು ಹೊದೆಯಿರಿ. ಎಲ್ಲರಿಗೂ ನಮಸ್ಕಾರ.