ಮುನಿಯಣ್ಣನವರ ದನಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ರಾಜ್ಯೋತ್ಸವಕ್ಕೆಂದು ಟ್ರಾಫಿಕ್ಕನ್ನೂ ಲೆಕ್ಕಿಸದೆ ಬಂದಿರುವ ಪುಟ್ಟೇನಹಳ್ಳಿಯ ಸಭಿಕರೇ,

ಸನ್ಮಾನಕ್ಕೆ ಉತ್ತರವಾಗಿ ಮನೆಯ ಕಂಪ್ಯೂಟರಿನ ಭದ್ರತೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಸಂಘದ ಕಾರ್ಯದರ್ಶಿ ಕೆಂಪರಾಜು ಗಾಬರಿಯಾದರು. "ಸಾರ್, ನವೆಂಬರ್ ಸಾರ್ ಇದು! ಕನ್ನಡದ ಬಗ್ಗೆ ನಾಕ್ ಮಾತು ಹೇಳಿ ಸಾಕು" ಎಂದರು. ಹೇಳುತ್ತೇನೆ. ನನ್ನ ಪಾಲಿಗೆ ಎರಡೂ ಒಂದೇ ವಿಷಯ.

ಇಲ್ಲಿನ ಕೆರೆಯ ಸುತ್ತ ಹಿಂದೆ ಇದ್ದ ಹೊಲಗಳ ಹೆಸರುಗಳನ್ನು ದಾಖಲಿಸಿದ್ದಕ್ಕಾಗಿ ನನಗೆ ಈ ಸನ್ಮಾನ. ಹೆಸರು ಹೇಳಿದವರು ಇಲ್ಲೇ ರಾಗಿ ಬೆಳೆದ ಮುನಿಯಣ್ಣನವರು. ಎರಡು ವರ್ಷ, ಪ್ರತಿ ಭಾನುವಾರ, ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತು ಹೇಳಿದರು. "ಬರ್ಕೊಳಿ ಮೇಷ್ಟ್ರೇ, ಆ ಅಪಾರ್ಟ್‌ಮೆಂಟ್ ಐತಲ್ಲ, ಅದು ಹುಣಸೇಮರದ ಹೊಲ. ಆ ಪೆಟ್ರೋಲ್ ಬಂಕು ನಮ್ಮವ್ವನ ಅವರೆ ಹೊಲ." ನಾನು ಬರೆದುಕೊಳ್ಳಲಿಲ್ಲ. ರೆಕಾರ್ಡಾಗುತ್ತಿದೆಯಲ್ಲ ಎಂದೆ. ಕಳೆದ ಯುಗಾದಿಯ ಹೊತ್ತಿಗೆ ಅವರು ತೀರಿಕೊಂಡರು.

ಸಭಿಕರೇ, ನಮ್ಮೊಡನೆ ನಮ್ಮ ಭಾಷೆಯಲ್ಲಿ ಮಾತಾಡಿ ಎಂದು ಬ್ಯಾಂಕುಗಳಿಗೆ, ಫೋನ್ ಕಂಪನಿಗಳಿಗೆ ನಾನು ಮೂವತ್ತು ವರ್ಷ ಕಾಗದ ಬರೆದಿದ್ದೇನೆ. ಯಾರು ಮಾತಾಡಿದರು? ಒಂದನ್ನು ಒತ್ತಿ, ಎರಡನ್ನು ಒತ್ತಿ, ಕೊನೆಗೆ ಬರೀ ಸಂಗೀತ! ಜೂನ್ ತಿಂಗಳಲ್ಲಿ ನನ್ನ ಕಂಪ್ಯೂಟರಿನ ಪರದೆ ತುಂಬ ಕೆಂಪು ಎಚ್ಚರಿಕೆ ಬಂತು: ವೈರಸ್ ಹೊಕ್ಕಿದೆ, ಈ ನಂಬರಿಗೆ ಕರೆ ಮಾಡಿ. ಮಾಡಿದೆ.

"ನಮಸ್ಕಾರ ಸಾರ್. ಕನ್ನಡದಲ್ಲೇ ಹೇಳಿ ಸಾರ್" ಎಂದ ಆ ಕಡೆಯವನು.

ನಾನು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತೆ. "ಎಲ್ಲಿಯವರಪ್ಪಾ ನೀವು?" ಎಂದೆ.

"ಇಲ್ಲೇ ಬೆಂಗಳೂರು, ವಿಲ್ಸನ್ ಗಾರ್ಡನ್ ಸಾರ್. ಒಂದು ಪ್ರೋಗ್ರಾಂ ಹಾಕೊಳಿ, ಮಿಕ್ಕಿದ್ದು ನಾನ್ ನೋಡ್ಕೊತೀನಿ."

ಹಾಕಿಕೊಂಡೆ. ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು. ಅವನು ನನ್ನ ಫೈಲುಗಳನ್ನು ಜಾಲಾಡುತ್ತಿದ್ದಾಗ ನಾನು ಅವನ ಉಚ್ಚಾರಣೆಯನ್ನು ಹೊಗಳುತ್ತಿದ್ದೆ. ಅರ್ಧ ಗಂಟೆಯಲ್ಲಿ ಎಲ್ಲಕ್ಕೂ ಬೀಗ ಬಿತ್ತು. ತೆಗೆಯಲು ದುಡ್ಡು ಕೇಳಿದ, ಅದನ್ನೂ ಒಳ್ಳೆಯ ಕನ್ನಡದಲ್ಲೇ. ಕೊಟ್ಟೆ. ಮತ್ತೆ ಅವನು ಫೋನ್ ಎತ್ತಲಿಲ್ಲ, ಬೀಗವೂ ತೆರೆಯಲಿಲ್ಲ.

ನನ್ನ ತಂಗಿಯ ಮಗ ಶ್ರೀಕರ್ ಮೊದಲೇ ಹೇಳಿದ್ದ. "ಮಾವ, ಇನ್ನೊಂದು ಡಿಸ್ಕಲ್ಲಿ ಕಾಪಿ ಮಾಡಿ ಬೀರುಲಿಡಿ. ಅಪ್‌ಡೇಟ್ ಕೇಳಿದ್ರೆ ಆಮೇಲೆ ಅಂತ ತಳ್ಬೇಡಿ. ಪರದೆ ಮೇಲೆ ಬಂದ ನಂಬರಿಗೆ ಯಾವ ಕಾರಣಕ್ಕೂ ಫೋನ್ ಮಾಡ್ಬೇಡಿ." ನಾನು ಒಂದನ್ನೂ ಕೇಳಲಿಲ್ಲ. ನೀವಾದರೂ ಇವತ್ತೇ ಮನೆಗೆ ಹೋಗಿ ಆ ಕೆಲಸ ಮಾಡಿ.

ಮುಂದಿನ ಸಾಲಿನಲ್ಲಿ ಮುನಿಯಣ್ಣನವರ ಪತ್ನಿ ಲಕ್ಷ್ಮಮ್ಮನವರು ಕೂತಿದ್ದಾರೆ. "ಮೇಷ್ಟ್ರೇ, ನಮ್ಮೆಜಮಾನ್ರ ದನಿ ಒಂದ್ಸಲ ಕೇಳಿಸ್ರಪ್ಪಾ" ಎಂದು ಐದು ತಿಂಗಳಿಂದ ಮನೆಗೆ ಬರುತ್ತಿದ್ದಾರೆ. ಕಂಪ್ಯೂಟರ್ ರಿಪೇರಿಗೆ ಹೋಗಿದೆ ಎಂದೆ. ಪ್ರತಿ ಸಲವೂ ಹಾಗೆಯೇ ಎಂದೆ. ಅದು ಒಳಗೆ ಮೇಜಿನ ಮೇಲೇ ಇತ್ತು. ಇವತ್ತು ಸಭೆಯಲ್ಲೇ ಕೇಳಿಸುತ್ತೇವೆ ಎಂದು ಸಂಘದವರು ಅವರನ್ನು ಕರೆಸಿದ್ದಾರೆ. ದೊಡ್ಡ ಸ್ಪೀಕರುಗಳನ್ನೂ ತರಿಸಿದ್ದಾರೆ.

ಅಮ್ಮ, ದನಿ ಇಲ್ಲ. ಕದ್ದವನು ಆ ಫೋನಿನವನು, ನಿಮಗೆ ಸುಳ್ಳು ಹೇಳಿದವನು ನಾನು. ನಿಮ್ಮೆದುರು ಈ ಶಾಲನ್ನು ಹೊದೆಯಲಾರೆ.

ಅಧ್ಯಕ್ಷರು ಕ್ಷಮಿಸಬೇಕು. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಲಕ್ಷ್ಮಮ್ಮನವರೇ, ನಿಮಗೆ ನನ್ನ ನಮಸ್ಕಾರ.